ಮಂಜನ ಬೇಸಿಗೆಗಳು

ಬಿಸಿಲಿಗೆ ನಿಂತು ಕಾದ ಗಾಡಿಯ ಬಾಗಿಲು ತೆಗೆದಾಗ ಒಳಗಿನಿಂದ ಗಪ್ಪನೆ ಹೊಡೆಯುವ ಕೊಬ್ಬರಿಯ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಎಣ್ಣೆ ಜಿನುಗುವ ಸಿಹಿ, ಗೋಣಿಚೀಲದ ಧೂಳು, ಕಾದ ರೆಕ್ಸಿನ್ ಸೀಟು, ಒಂದಿಷ್ಟು ಪೆಟ್ರೋಲು, ಇವೆಲ್ಲ ಬೆರೆತ ವಾಸನೆ ಅದು. ಹೋದ ತಿಂಗಳು ಹಾಸನಕ್ಕೆ ವಾಪಸು ಬರುವಾಗ ಬಸ್ಸು ಚನ್ನರಾಯಪಟ್ಟಣದಲ್ಲಿ ನಿಂತಿತ್ತು. ಪಕ್ಕದಲ್ಲೇ ಯಾರೋ ವ್ಯಾನಿನಿಂದ ಕೊಬ್ಬರಿ ಮೂಟೆ ಇಳಿಸುತ್ತಿದ್ದರು. ಕಿಟಕಿಯಿಂದ ಬಂದ ಆ ಬಿಸಿಗಾಳಿಗೆ ನನ್ನ ಕಣ್ಣು ತುಂಬಿಕೊಂಡಿತು. ಪಕ್ಕದ ಸೀಟಿನ ಹೆಂಗಸು ಕಣ್ಣಿಗೆ ಧೂಳು ಬಿತ್ತೇನೋ ಎಂದುಕೊಂಡು ನೀರಿನ ಬಾಟಲಿ ಕೊಟ್ಟರು. ಇಸಿದುಕೊಂಡು ಮುಖ ತೊಳೆದುಕೊಂಡೆ. ಅವರಿಗೆ ಹೇಳುವುದಕ್ಕಾದರೂ ಏನಿತ್ತು? ನಂಜೇಶ ಮಾವನ ಓಮ್ನಿ, ಅದರ ಹಿಂದಿನ ಸೀಟಿನಲ್ಲಿ ನನ್ನ ಭುಜಕ್ಕೆ ಒರಗಿಕೊಂಡು ಕೂರುತ್ತಿದ್ದ ನನ್ನ ತಮ್ಮ ಮಂಜ. ಬಸ್ಸು ನಿಂತಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು.

ನಮ್ಮ ಮನೆ ಇದ್ದದ್ದು ಹೊಳೆನರಸೀಪುರದ ಕೋಟೆಯ ಕಡೆ ಒಂದು ಇಕ್ಕಟ್ಟಾದ ಬೀದಿಯಲ್ಲಿ. ಮುಂದೆ ಜಗಲಿ, ಒಳಗೆ ಎರಡು ಕೋಣೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಬಾಗಿದ ಒಂದು ಸೀಬೆಮರ. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದ. ಪಂಕ್ಚರ್ ಹಾಕುವುದು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವುದು, ಹಳೆಯ ಚಕ್ರಗಳ ಕಡ್ಡಿ ಬಿಗಿದು ಸೊಟ್ಟ ತೆಗೆಯುವುದು ಅವನ ಕೆಲಸ. ಸಂಜೆ ಅವನು ಮನೆಗೆ ಬಂದಾಗ ಅಂಗೈಯ ಗೆರೆಗಳಲ್ಲೆಲ್ಲ ಗ್ರೀಸು ಕೂತಿರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ. ಅಪ್ಪನ ಅವ್ವ, ನಮ್ಮ ಅಜ್ಜಿ, ನಮ್ಮ ಜೊತೆಯಲ್ಲೇ ಇದ್ದಳು. ನಂಜೇಶ ಮಾವ ನಮ್ಮ ಅವ್ವನ ತಮ್ಮ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಅವನದು. ವಾರವೆಲ್ಲ ಮೂಟೆ ಹೊರುವ ಓಮ್ನಿಯನ್ನು ಬೇಸಿಗೆ ರಜೆಯಲ್ಲಿ ಒಂದೆರಡು ದಿನ ಗುಡಿಸಿ, ಹಿಂದಿನ ಸೀಟು ಮತ್ತೆ ಕೂರಿಸಿ, ನಮ್ಮನ್ನು ಸುತ್ತಾಡಿಸಲು ತರುತ್ತಿದ್ದ. ಅವನು ಬರುವ ದಿನ ಬೆಳಕು ಹರಿಯುವ ಮೊದಲೇ ಅವ್ವ ಎದ್ದು ಪುಳಿಯೋಗರೆ ಕಲೆಸುತ್ತಿದ್ದಳು. ಮೊಸರನ್ನದ ಡಬ್ಬಿಗೆ ಬಾಳೆಲೆಯ ತುಂಡು ಮುಚ್ಚಿ ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಹಾಸನ, ಗೊರೂರು, ಅರಕಲಗೂಡು, ನಮ್ಮ ತಿರುಗಾಟವೆಲ್ಲ ಅಷ್ಟರೊಳಗೇ. ಅದಕ್ಕಿಂತ ಆಚೆ ಲೋಕವಿದೆ ಎನ್ನುವುದೇ ನಮಗೆ ತೋಚಿರಲಿಲ್ಲ.

ಮಂಜ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು. ಬೇಗ ನಕ್ಕ, ಬೇಗ ಮಾತಾಡಿದ, ಹಲ್ಲೂ ಬೇಗ ಬಂತು. ಹೆಜ್ಜೆ ಇಟ್ಟದ್ದು ಮಾತ್ರ ತಡ. ಗಂಡುಮಕ್ಕಳು ಹಾಗೇ ಎಂದು ಅಜ್ಜಿ ಬಂದವರಿಗೆಲ್ಲ ತಾನೇ ಸಮಜಾಯಿಷಿ ಹೇಳುತ್ತಿದ್ದಳು. ಅವನು ಜಗಲಿಯ ಕಂಬ ಬಿಟ್ಟು ಅಪ್ಪನ ತನಕ ನಡೆದು ಬಂದ ದಿನ ಅವ್ವ ಹೆಸರುಬೇಳೆ ಪಾಯಸ ಮಾಡಿ ಬೀದಿಗೆಲ್ಲ ಹಂಚಿದಳು. ಮುಂದಿನ ಬೇಸಿಗೆಯಲ್ಲಿ ಮನೆದೇವರಿಗೆ ಹೋಗಿ ಅವನ ಮುಡಿ ತೆಗೆಸಿದೆವು. ಬೋಳುತಲೆಗೆ ಗಂಧ ಮೆತ್ತಿಸಿಕೊಂಡು ಅವನು ಓಮ್ನಿಯ ಕಿಟಕಿಯಲ್ಲಿ ದಾರಿಯ ದನಗಳಿಗೆಲ್ಲ ಟಾಟಾ ಮಾಡಿದ. ದೊಡ್ಡಗದ್ದವಳ್ಳಿಗೆ ಹೋದಾಗ ಅವನಿಗೆ ಮೂರೋ ನಾಲ್ಕೋ ವರ್ಷ. ಕೆರೆಯ ದಂಡೆಯ ಆ ಲಕ್ಷ್ಮೀದೇವಿ ಗುಡಿಯಲ್ಲಿ ಕಾಳಿಯ ಬಾಗಿಲಿಗೆ ಕಾವಲಾಗಿ ಇಬ್ಬರು ಬೇತಾಳರು ನಿಂತಿದ್ದಾರೆ. ಬರೀ ಎಲುಬಿನ ಗೂಡು, ಬಿಟ್ಟ ಬಾಯಿ. ನಾನು ಹೆದರಿ ಅವ್ವನ ಸೆರಗು ಹಿಡಿದೆ. ಮಂಜ ಮಾತ್ರ ನೇರ ಹೋಗಿ ಅವರ ಪಕ್ಕೆಲುಬು ಮುಟ್ಟಿ ನೋಡಿದ. ಇವರಿಗೆ ಯಾರೂ ಊಟ ಹಾಕಿಲ್ಲವಾ ಎಂದು ಕೇಳಿದ. ಕೈಯಲ್ಲಿದ್ದ ಅರ್ಧ ಕೋಡುಬಳೆಯನ್ನು ಒಬ್ಬ ಬೇತಾಳನ ಕಾಲ ಬಳಿ ಇಟ್ಟು, ಇನ್ನೊಬ್ಬನಿಗೆ ಇಲ್ಲವಲ್ಲ ಎಂದು ಅಳುಮುಖ ಮಾಡಿದ. ಪೂಜೆಯವರು ನಕ್ಕು ದೇವಿಯ ಪ್ರಸಾದದ ಬಾಳೆಹಣ್ಣು ತಂದುಕೊಟ್ಟ ಮೇಲೆ ಸಮಾಧಾನವಾಯಿತು. ಆ ದಿನ ನಮ್ಮ ಮನೆಯ ಒಬ್ಬರ ಮನಸ್ಸಿನಲ್ಲೂ ಯಾವ ಆತಂಕವೂ ಇರಲಿಲ್ಲ. ಅಂಥ ದಿನ ಅದೇ ಕೊನೆಯದಿರಬೇಕು.

ಮುಂದಿನ ಬೇಸಿಗೆ ಶೆಟ್ಟಿಹಳ್ಳಿಗೆ ಹೋದೆವು. ಹೇಮಾವತಿಯ ಹಿನ್ನೀರಿನಲ್ಲಿ ಪಾಳುಬಿದ್ದ ಇಗರ್ಜಿ, ಹಳೆಯ ಕಾಲದ ಚರ್ಚು ಅದು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಗೋಡೆಯ ಬುಡದ ತನಕ ನಡೆದು ಹೋಗಬಹುದು. ಒಣಗಿ ಬಿರುಕು ಬಿಟ್ಟ ಎರೆಮಣ್ಣಿನ ಮೇಲೆ ಅಲ್ಲಲ್ಲಿ ಹಸಿರು ಗರಿಕೆ ಎದ್ದಿತ್ತು. ಸೂರಿಲ್ಲದ ಗೋಡೆಗಳ ನಡುವೆ ದನಗಳು ಮಲಗಿದ್ದವು. ನಾನೂ ಮಂಜನೂ ಒಂದು ಕಮಾನಿನಿಂದ ಇನ್ನೊಂದಕ್ಕೆ ಹಿಡಿಯುವ ಆಟ ಆಡುತ್ತಿದ್ದೆವು. ಅವನು ಮತ್ತೆ ಮತ್ತೆ ಬೀಳುತ್ತಿದ್ದ. ಬಿದ್ದಾಗ ಮೊದಲು ಎರಡು ಕೈ ನೆಲಕ್ಕೆ ಊರಿ, ಆಮೇಲೆ ಮಂಡಿ ಹಿಡಿದು, ಆಮೇಲೆ ತೊಡೆ ಹಿಡಿದು, ತನ್ನ ಮೈಯನ್ನು ತಾನೇ ಹತ್ತಿಕೊಂಡು ಮೇಲೇಳುವವನ ಹಾಗೆ ಏಳುತ್ತಿದ್ದ. ಮಾವ ನೋಡಿ ನಕ್ಕ. "ಏನ್ಲಾ ಮಂಜ, ನಿಮ್ಮಜ್ಜಿ ಎದ್ದಂಗೆ ಏಳ್ತೀಯಲ್ಲ" ಎಂದ. ಎಲ್ಲರೂ ನಕ್ಕೆವು, ಅಜ್ಜಿಯೂ ನಕ್ಕಳು. ಅವ್ವ ಮಾತ್ರ ನಗಲಿಲ್ಲ. ಬುತ್ತಿಯ ಗಂಟು ಬಿಚ್ಚುತ್ತಿದ್ದವಳು ಹಾಗೇ ಬಿಟ್ಟು ಬಂದು ಅವನ ಮುಂದೆ ಕೂತಳು. ಒಂದು ಮಾವಿನಹಣ್ಣು ಮೇಲೆ ಹಿಡಿದು, ಕೂತವನು ಎದ್ದು ಇಸಿದುಕೋ ನೋಡೋಣ ಎಂದಳು. ಅವನು ಆಟವೆಂದುಕೊಂಡು ಹಾಗೇ ಮಂಡಿ ಹಿಡಿದು ಎದ್ದು ಹಣ್ಣು ಕಿತ್ತುಕೊಂಡ. ಅವ್ವ ಇನ್ನೊಂದು ಹಣ್ಣು ಹಿಡಿದಳು. ಮತ್ತೊಂದು ಹಿಡಿದಳು. ಅವಳ ಮುಖ ನೋಡಿ ಅಪ್ಪ ಹತ್ತಿರ ಬಂದು ಸಾಕು ಬಿಡು ಎಂದ. ಆ ದಿನದ ಪುಳಿಯೋಗರೆಯನ್ನು ಅವಳು ಬಾಯಿಗೂ ಇಡಲಿಲ್ಲ.

ಹಾಸನದಲ್ಲಿ ತೋರಿಸಿದರು. ಅಲ್ಲಿನ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಪ್ಪ, ಅವ್ವ ಒಳಗೆ ಹೋದಾಗ ನಾನೂ ಮಂಜನೂ ಹೊರಗೆ ಬೆಂಚಿನ ಮೇಲೆ ಕೂತು ಗೋಡೆಯ ಮೇಲಿದ್ದ ಚಿತ್ರದ ಮೂಳೆಗಳಿಗೆ ಹೆಸರಿಡುತ್ತಿದ್ದೆವು. ಬಾಗಿಲು ತೆಗೆದು ಬಂದ ಅಪ್ಪ ಮಂಜನನ್ನು ಎತ್ತಿಕೊಂಡ. ಅಷ್ಟು ದೊಡ್ಡ ಹುಡುಗನನ್ನು ಅವನು ಎತ್ತಿಕೊಂಡು ಬಹಳ ದಿನವಾಗಿತ್ತು. ಮೈಯ ಮಾಂಸಖಂಡಗಳೆಲ್ಲ ಮೆಲ್ಲಮೆಲ್ಲಗೆ ಸೋಲುವ ಕಾಯಿಲೆ, ಹತ್ತು ಹನ್ನೆರಡು ವರ್ಷಕ್ಕೆ ನಡಿಗೆ ನಿಲ್ಲುತ್ತದೆ, ಆಮೇಲೆ ಕೈ, ಆಮೇಲೆ ಉಸಿರು, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೆ ಗೊತ್ತಾದದ್ದು ಮುಂದೆ. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದು ಬರುವುದೆಂದೂ ಅವರು ಹೇಳಿದ್ದರು. ಅಪ್ಪ ಅದನ್ನು ಮನೆಯಲ್ಲಿ ಹೇಳುತ್ತಿರಲಿಲ್ಲವೇನೋ. ಅಜ್ಜಿ ಕೆದಕಿ ಕೆದಕಿ ಕೇಳಿದ್ದಕ್ಕೆ ಅವ್ವನೇ ಹೇಳಿದಳು.

ಅಡುಗೆಮನೆಯಲ್ಲಿ ನಾನು ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆ. ನಮ್ಮ ವಂಶದಲ್ಲಿ ಇಂಥದ್ದು ಕಂಡದ್ದೂ ಇಲ್ಲ ಕೇಳಿದ್ದೂ ಇಲ್ಲ ಎಂದು ಅಜ್ಜಿ ಗೋಡೆಗೆ ಹೇಳುವಂತೆ ಹೇಳಿದಳು. ಅಪ್ಪ ಸುಮ್ಮನಿರವ್ವ ಎಂದ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಅಜ್ಜಿಯ ಎದುರು ಕೂತಳು. ಅವಳು ಅಜ್ಜಿಯ ಎದುರು ಹಾಗೆ ಕೂತು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ನೀವೇಳೋದು ಸರಿ ಅತ್ತೆ. ನಂಗೊಬ್ಬ ಅಣ್ಣ ಇದ್ದ. ಅವನ್ಗೂ ಇಂಗೇ. ಏನ್ ಕಾಯ್ಲೆ ಅಂತ ಯಾರ್ಗೂ ಗೊತ್ತಿರಲಿಲ್ಲ. ಮದ್ವೆ ಮುಂಜಿ ಅಂತ ಎಲ್ರೂ ಓಗೋರು, ಅವನ್ನ ಮಾತ್ರ ಜಗಲಿ ಮೇಲೆ ಕೂರಿಸಿ, ಒಂದು ಚೊಂಬು ನೀರು ಮಡಗಿ ಓಗೋರು. ನಾವು ಬರಾಗಂಟ ಅವ್ನು ದಾರೀನೇ ನೋಡ್ತಿದ್ದ."  ಸೆರಗಿಗೆ ಕೈ ಒರೆಸಿಕೊಂಡು, "ನನ್ನ ಮಗನ್ನ ಅಂಗೆ ಬುಡಾಕಿಲ್ಲ" ಎಂದಳು.  ಮಾರನೆಯ ದಿನದಿಂದ ಅಜ್ಜಿ ಮಧ್ಯಾಹ್ನ ಊಟವಾದ ಮೇಲೆ ಹರಳೆಣ್ಣೆ ಬಿಸಿ ಮಾಡಿ ಮಂಜನ ಮೀನಖಂಡಕ್ಕೆ ತಿಕ್ಕುವುದನ್ನು ತನ್ನ ಕೆಲಸ ಮಾಡಿಕೊಂಡಳು. ಅವಳು ಇರುವ ತನಕ ಆ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ.

ಅಲ್ಲಿಂದ ಮುಂದೆ ಬೇಸಿಗೆಯ ತಿರುಗಾಟ ನಮ್ಮ ಮನೆಯಲ್ಲಿ ಒಂದು ವ್ರತದ ಹಾಗಾಯಿತು. ಮೊದಲೆಲ್ಲ ಮಾವನಿಗೆ ಪುರಸೊತ್ತಾದರೆ ಹೋಗುತ್ತಿದ್ದವರು ಈಗ ರಜೆ ಬಂದ ವಾರದಲ್ಲೇ ಹೊರಡುತ್ತಿದ್ದೆವು. ಗೊರೂರಿಗೆ ಹೋದ ವರ್ಷ ಮಂಜ ನನ್ನ ಕೈ ಹಿಡಿದು, ಮುಂಗಾಲ ಮೇಲೆ ನಿಂತು, ಹೊಟ್ಟೆ ಮುಂದೆ ಮಾಡಿಕೊಂಡು ನಡೆದ. ಅದರ ಮುಂದಿನ ವರ್ಷ ಅಪ್ಪ ಅವನನ್ನು ಬೆನ್ನಿನ ಮೇಲೆ ಹೊತ್ತ. ಅದಾದ ಮೇಲೆ ಅಪ್ಪ ಅಂಗಡಿಯಲ್ಲಿ ಹಳೆಯ ಸೈಕಲ್ಲಿನ ಎರಡು ಚಕ್ರ, ಕಬ್ಬಿಣದ ಪೈಪು, ನವಾರು ಪಟ್ಟಿ ಸೇರಿಸಿ ಒಂದು ಗಾಲಿಕುರ್ಚಿ ಕಟ್ಟಿದ. ಕೊಂಡು ತಂದ ಕುರ್ಚಿ ಹಳ್ಳಿಯ ದಾರಿಗೆ ಬಾಳುವುದಿಲ್ಲ ಎನ್ನುತ್ತಿದ್ದ. ಅದಕ್ಕೆ ಮಂಜ ಬೆಲ್ ಬೇಕೆಂದ. ಅಪ್ಪ ಅಂಗಡಿಯ ಬೆಲ್ಲುಗಳನ್ನೆಲ್ಲ ತಂದು ಸುರಿದು, ಒಂದೊಂದನ್ನೇ ಬಾರಿಸಿ ತೋರಿಸಿ, ಅವನು ಒಪ್ಪಿದ್ದನ್ನು ಹಾಕಿದ. ಊರ ಮಕ್ಕಳಿಗೆಲ್ಲ ಸೈಕಲ್ ಕಲಿಸಿದವನು ನನ್ನಪ್ಪ. ಚಕ್ರದ ಬಿಗಿ ನೋಡಲು ಅದನ್ನು ಗಾಳಿಯಲ್ಲಿ ತಿರುಗಿಸಿ ಕಿವಿ ಹತ್ತಿರ ತಂದಾಗ ಅವನ ಮುಖದಲ್ಲಿ ಏನಿತ್ತೆಂದು ನನಗೆ ಈಗಲೂ ಹೇಳಲು ಬರುವುದಿಲ್ಲ.

ಒಂದು ಬೇಸಿಗೆ ಅರಕಲಗೂಡಿನಲ್ಲಿ ಸೋದರತ್ತೆಯ ಹೊಸ ಮನೆಯ ಒಕ್ಕಲಿತ್ತು. ಓಮ್ನಿಯ ಮೇಲೆ ಕುರ್ಚಿ ಕಟ್ಟಿಕೊಂಡು ಎಲ್ಲರೂ ಹೋದೆವು. ಊಟದ ಪಂಕ್ತಿಯಲ್ಲಿ ಮಂಜನ ಕುರ್ಚಿಗೆ ಜಾಗ ಮಾಡಲು ಒಬ್ಬರು ಏಳಬೇಕಾಯಿತು. ಅತ್ತೆಯ ಗಂಡನ ಕಡೆಯ ಒಬ್ಬ ಹೆಂಗಸು, ಕೆಟ್ಟವರೇನಲ್ಲ, ಇಂಥ ಮಗುವನ್ನು ಈ ಉರಿಬಿಸಿಲಲ್ಲಿ ಯಾಕೆ ಎಳೆದುಕೊಂಡು ಬಂದಿರಿ, ಮನೆಯಲ್ಲೇ ಆರಾಮಾಗಿ ಇರುತ್ತಿತ್ತಲ್ಲ ಎಂದರು. ಅವ್ವ ತಲೆ ತಗ್ಗಿಸಿ ಮಂಜನಿಗೆ ಅನ್ನ ಕಲೆಸುತ್ತಿದ್ದಳು. ಮಾತಾಡಿದವಳು ಅಜ್ಜಿ. "ನಮ್ಮ ಮೊಮ್ಮಗ ಕಣವ್ವ. ನಾವೆಲ್ಲಿಗೆ ಓದ್ರೆ ಅವ್ನೂ ಅಲ್ಲಿಗೆ ಬತ್ತಾನೆ" ಎಂದಳು. ಆಮೇಲೆ ತನ್ನ ಎಲೆಯ ಒಬ್ಬಟ್ಟನ್ನು ಎತ್ತಿ ಮಂಜನ ಎಲೆಗೆ ಹಾಕಿದಳು. ಅವ್ವ ಕಲೆಸುವ ಕೈ ನಿಲ್ಲಿಸಿ ಒಂದು ಗಳಿಗೆ ಅಜ್ಜಿಯನ್ನು ನೋಡಿದಳು. ಆ ಅಡುಗೆಮನೆಯ ಮಾತು ಅವರಿಬ್ಬರ ನಡುವೆ ಅಲ್ಲಿಗೆ ತೀರಿತು ಎಂದು ನನಗನ್ನಿಸಿತು.

ಆದರೆ ಮಂಜನಿಗೆ ಏನನ್ನಿಸುತ್ತಿತ್ತು ಎಂದು ನಾವ್ಯಾರೂ ಕೇಳಿರಲಿಲ್ಲ. ಅವನಿಗೆ ಹನ್ನೆರಡು ತುಂಬಿದ ಬೇಸಿಗೆಯಲ್ಲಿ, ಮಾವ ಓಮ್ನಿ ತಂದು ಬಾಗಿಲಲ್ಲಿ ನಿಲ್ಲಿಸಿ ಹಾರನ್ ಹೊಡೆದಾಗ, ತಲೆ ಬಾಚಿಸಿಕೊಂಡು ಹೊಸ ಅಂಗಿ ಹಾಕಿಕೊಂಡು ಕೂತಿದ್ದ ಮಂಜ, "ನಾನು ಬರಲ್ಲ ಅವ್ವ" ಎಂದ. ಅವ್ವ ತಮಾಷೆ ಎಂದುಕೊಂಡಳು. ಅವನು ದನಿ ಎತ್ತದೆ ಹೇಳಿದ. "ಎಲ್ರೂ ಗುಡಿ ನೋಡಕ್ಕೆ ಬರ್ತಾರೆ, ನನ್ನ ನೋಡ್ಕೊಂಡು ಹೋಗ್ತಾರೆ. ನಂಗೆ ಸಾಕಾಯ್ತು." ಅವ್ವ ಬುತ್ತಿಯ ಗಂಟು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮನೆಯಲ್ಲಿ ಬಿಟ್ಟುಹೋಗಬಾರದೆಂದು ಅಷ್ಟು ವರ್ಷ ಹಟ ಹಿಡಿದವಳಿಗೆ, ಅವನಾಗಿಯೇ ಮನೆಯಲ್ಲಿರುತ್ತೇನೆ ಎಂದರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಾವ ಒಳಗೆ ಬಂದು, ನಡುಮನೆಯಲ್ಲಿ ಚಾಪೆ ಹಾಸಿ, ಇವತ್ತು ಇಲ್ಲೇ ಊಟ ಎಂದ. ಪುಳಿಯೋಗರೆಯನ್ನು ಮನೆಯಲ್ಲೇ ಕೂತು ತಿಂದೆವು. ಆ ವರ್ಷವೂ ಅದರ ಮುಂದಿನ ವರ್ಷವೂ ನಾವು ಎಲ್ಲಿಗೂ ಹೋಗಲಿಲ್ಲ. ಮಂಜ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಪಾಠದ ಪುಸ್ತಕ ಓದುತ್ತಿದ್ದ. ಅವನ ಬೆನ್ನು ಒಂದು ಕಡೆಗೆ ವಾಲತೊಡಗಿತ್ತು. ಅವ್ವ ದಿನಕ್ಕೆಷ್ಟೋ ಸಲ ಒಳಗಿನಿಂದ ಬಂದು ಅವನ ಪಕ್ಕ ಸುಮ್ಮನೆ ನಿಂತು ಹೋಗುತ್ತಿದ್ದಳು.

ಮತ್ತೆ ಹೊರಡೋಣ ಎಂದು ಕೇಳಿದವನು ಮಂಜನೇ. ಅವನಿಗಾಗ ಹದಿನಾಲ್ಕು. ಮಳೆ ಸುರಿದು ಸುರಿದು ಆಗತಾನೇ ಹೊಳವಾಗಿದ್ದ ಶ್ರಾವಣ. ಶೆಟ್ಟಿಹಳ್ಳಿ ಇಗರ್ಜಿ ನೀರಲ್ಲಿ ನಿಂತದ್ದನ್ನು ನಾವು ನೋಡೇ ಇಲ್ಲವಲ್ಲ, ಬರೀ ಬೇಸಿಗೆಯಲ್ಲೇ ಹೋಗಿದ್ದೇವೆ ಎಂದ. ಅಪ್ಪ ಮರುದಿನವೇ ಅಂಗಡಿಗೆ ಬೀಗ ಹಾಕಿದ. ನಾವು ಹೋದಾಗ ಗೋಡೆಗಳು ಕಮಾನಿನ ಅರ್ಧದ ತನಕ ಮುಳುಗಿ, ಮೇಲಿನ ಇಟ್ಟಿಗೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಮೀನು ಹಿಡಿಯುವವರೊಬ್ಬರ ತೆಪ್ಪ ದಡದಲ್ಲಿತ್ತು. ಕರೆದುಕೊಂಡು ಹೋಗುತ್ತೀರಾ ಎಂದು ಮಂಜ ತಾನೇ ಅವರನ್ನು ಕೇಳಿದ. ಅಜ್ಜಿ ದಡದಲ್ಲೇ ಉಳಿದಳು. ಮಾವನೂ ಅಪ್ಪನೂ ಸೇರಿ ಅವನನ್ನು ತೆಪ್ಪಕ್ಕೆ ಇಳಿಸಿದರು. ಅಪ್ಪ ಹಿಂದೆ ಕೂತು ಕಾಲುಗಳ ನಡುವೆ ಅವನನ್ನು ಒರಗಿಸಿಕೊಂಡ. ನೀರೆಂದರೆ ಹೆದರುವ ಅವ್ವ ನನ್ನ ಕೈಯನ್ನು ನೋಯುವ ಹಾಗೆ ಹಿಡಿದು ಕೂತಳು.

ತೆಪ್ಪ ಗುಂಡಗೆ ತಿರುಗುತ್ತಾ ಗೋಡೆಯನ್ನು ಬಳಸಿ, ಒಂದು ಕಮಾನಿನೊಳಗೆ ನುಸುಳಿತು. ಒಳಗೆ ನೆರಳು, ತಂಪು, ಹಸಿ ಸುಣ್ಣದ ವಾಸನೆ. ಹುಟ್ಟು ಹಾಕುವವರು ಕೈ ನಿಲ್ಲಿಸಿದರು. ನೀರಿನ ಬೆಳಕು ಗೋಡೆಯ ಮೇಲೆ ಅಲುಗುತ್ತಿತ್ತು. ಮಂಜ ಕತ್ತು ಮೇಲೆತ್ತಲಾಗದೆ ಅಪ್ಪನ ಎದೆಗೆ ತಲೆ ಹೊರಳಿಸಿ ಬಹಳ ಹೊತ್ತು ನೋಡಿದ. ಆಮೇಲೆ, "ಇಲ್ಲಿ ಯಾರ್ಗೂ ನಡಿಯಕ್ಕಾಗಲ್ಲ, ಅಲ್ವಾ ಅಪ್ಪ?" ಎಂದ. ಅವನ ದನಿಯಲ್ಲಿ ದುಃಖವೇನೂ ಇರಲಿಲ್ಲ. ಸುಖವೇ ಇತ್ತು. ಅಪ್ಪ ಅವನ ನೆತ್ತಿಗೆ ಗಲ್ಲ ಊರಿ, "ಇಲ್ಲ ಕಣ್ಲಾ. ಯಾರ್ಗೂ ಆಗಲ್ಲ" ಎಂದ. ಅವ್ವ ನನ್ನ ಕೈ ಬಿಟ್ಟು, ಬಗ್ಗಿ, ನೀರನ್ನು ಬೊಗಸೆಯಲ್ಲಿ ಎತ್ತಿ ಮಂಜನ ಪಾದಗಳ ಮೇಲೆ ಹಾಕಿದಳು. ಅವನು ಕಚಗುಳಿಯಾಗಿ ನಕ್ಕ.

ಆ ಚಳಿಗಾಲದಲ್ಲಿ ಕಫ ಕಟ್ಟಿತು. ಕೆಮ್ಮಿ ಹೊರಹಾಕುವಷ್ಟು ಶಕ್ತಿ ಅವನ ಎದೆಗೆ ಇರಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಒಂದು ವಾರವಿದ್ದ. ಒಂದು ಬೆಳಗ್ಗೆ, ಅಪ್ಪ ಕಾಫಿ ತರಲು ಕೆಳಗಿಳಿದಿದ್ದಾಗ, ಅವ್ವನ ಕೈಯಲ್ಲಿ ಕೈ ಇಟ್ಟುಕೊಂಡೇ ಹೋದ. ಮಾವನ ಓಮ್ನಿಯಲ್ಲೇ ಅವನನ್ನು ಮನೆಗೆ ತಂದೆವು. ತಿಥಿ ಕಳೆದ ಮೇಲೆ ಅಪ್ಪ ಹಿತ್ತಲಿನಲ್ಲಿ ಕೂತು ಆ ಕುರ್ಚಿಯ ಚಕ್ರಗಳನ್ನು ಬಿಚ್ಚಿದ, ಎಣ್ಣೆ ಹಾಕಿ ಒರೆಸಿದ. ಅವನ್ನೂ ಮಂಜನ ಬೆಲ್ಲನ್ನೂ ಅಂಗಡಿಗೆ ಒಯ್ದು ಬಾಡಿಗೆಯ ಸೈಕಲ್ಲೊಂದಕ್ಕೆ ಕೂರಿಸಿದ. ಯಾವ ಸೈಕಲ್ಲು ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಊರಿನಲ್ಲಿ ಹುಡುಗರು ಬೆಲ್ ಹೊಡೆದು ಹೋಗುವಾಗೆಲ್ಲ ನಾನು ತಿರುಗಿ ನೋಡುತ್ತಿದ್ದೆ. ಮುಂದಿನ ಬೇಸಿಗೆ ಮಾವ ಹೇಳದೆ ಕೇಳದೆ ಗಾಡಿ ತಂದ. ಅವ್ವನೂ ಯಾರೂ ಹೇಳದೆಯೇ ಬುತ್ತಿ ಕಟ್ಟಿದ್ದಳು. ಎಲ್ಲರೂ ಹತ್ತಿ ಕೂತೆವು.  ಮಾವ ಹೊಳೆಯ ದಡದ ತನಕ ಹೋಗಿ ನಿಲ್ಲಿಸಿದ. ಅಲ್ಲೇ ಉಂಡು, ಎಲೆ ಎಸೆದು, ಮನೆಗೆ ಬಂದೆವು. ಆಮೇಲೆ ಆ ಪದ್ಧತಿ ನಿಂತುಹೋಯಿತು.

ಅಜ್ಜಿ ಹೋದಳು. ಅಪ್ಪನೂ ಹೋಗಿ ಆರು ವರ್ಷವಾಯಿತು. ಸೈಕಲ್ ಶಾಪಿನ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಮನೆಯನ್ನು ಕೊಂಡವರು ಕೆಡವಿ ಮೂರಂತಸ್ತು ಕಟ್ಟಿದ್ದಾರೆ, ಸೀಬೆಮರ ಎಲ್ಲಿತ್ತೆಂದು ಅಂದಾಜು ಮಾಡುವುದಕ್ಕೂ ಆಗುವುದಿಲ್ಲ. ಇಂಥದೊಂದು ಮನೆ ನಿಮ್ಮದೂ ಎಲ್ಲೋ ಮಣ್ಣಾಗಿರಬಹುದು. ಆದ್ದರಿಂದ ಅದನ್ನು ಹೆಚ್ಚು ವಿವರಿಸುವುದಿಲ್ಲ. ನನ್ನ ಮದುವೆಗೆ ಮೊದಲು ಅವ್ವ ತಾನೇ ಗಂಡಿನವರಿಗೆ ಎಲ್ಲ ಹೇಳಿದಳು, ನನಗೆ ರಕ್ತ ಪರೀಕ್ಷೆ ಮಾಡಿಸಿದಳು. ಆ ಕಾಯಿಲೆಯ ಬೀಜ ನನ್ನಲ್ಲಿಲ್ಲ ಎಂದು ಗೊತ್ತಾದ ದಿನ, ಮಂಜ ಹೋದಾಗಲೂ ಹಾಗೆ ಅಳದವಳು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಈಗ ಹಾಸನದಲ್ಲಿ ನಮ್ಮ ಜೊತೆ ಇದ್ದಾಳೆ. ನನ್ನ ಮಗಳಿಗೆ ಜಡೆ ಹಾಕುತ್ತಾಳೆ, ಸಂಜೆ ದೀಪ ಹಚ್ಚುತ್ತಾಳೆ, ಹೆಚ್ಚು ಮಾತಿಲ್ಲ.

ಮೊನ್ನೆ ಮಗಳು ಹಳೆಯ ಫೋಟೋಗಳನ್ನು ತೆಗೆದು ಹರಡಿಕೊಂಡಿದ್ದಳು. ಅವ್ವ ಒಂದೊಂದನ್ನೇ ಕನ್ನಡಕದ ಹತ್ತಿರ ಹಿಡಿದು ನೋಡಿ ಕೆಳಗಿಟ್ಟಳು. ಎಲ್ಲದರಲ್ಲೂ ಮಂಜ ಕೂತಿದ್ದ. ಮಗಳು ಆಡಲು ಹೊರಗೆ ಓಡಿದ ಮೇಲೆ, ಬಾಗಿಲ ಕಡೆ ನೋಡುತ್ತಲೇ ಅವ್ವ ಕೇಳಿದಳು. "ಸವಿ, ಮಂಜ ಓಡ್ತಿದ್ದ ಅಲ್ವೇನವ್ವ? ನಂಗೆ ಅವ್ನು ಕೂತಿರೋದೊಂದೇ ಕಣ್ಮುಂದೆ ಬತ್ತದೆ. ನೀನು ಕಂಡಿದ್ದೀಯಲ್ಲ?"

ಓಡುತ್ತಿದ್ದ ಎಂದೆ. ಐಸ್ ಕ್ಯಾಂಡಿಯವನು ನಮ್ಮ ಬೀದಿಗೆ ಬಂದ ಒಂದು ಮಧ್ಯಾಹ್ನವನ್ನು ಹೇಳಿದೆ. ಪುಟ್ಟ ಮಂಜ ನಿಕ್ಕರು ಜಾರುವುದನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಒಂದು ಚಪ್ಪಲಿ ಜಗಲಿಯ ಕೆಳಗೇ ಬಿಟ್ಟು, ನಿಲ್ಲು ನಿಲ್ಲು ಎಂದು ಕೂಗುತ್ತಾ ಬೀದಿಯ ಕೊನೆಯ ತನಕ ಓಡಿದ್ದನ್ನು ಹೇಳಿದೆ. ಬರುವಾಗ ಕೆಂಪು ಕ್ಯಾಂಡಿ ಮೊಣಕೈ ತನಕ ಸೋರಿದ್ದನ್ನೂ ಹೇಳಿದೆ. ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ನಾನು ಮುಗಿಸಿದ ಮೇಲೂ ಕಣ್ಣು ತೆರೆಯಲಿಲ್ಲ.

"ಇನ್ನೊಂದ್ಸಲ ಯೋಳು" ಎಂದಳು.